ಡ್ರೈವಿಂಗ್ ಪರೀಕ್ಷೆಗೆ ಸಿದ್ಧರಾಗುವ ಸದಸ್ಯರಿಗೆ ಕೆಲವು ಸಲಹೆಗಳು



ಪಶುವೈದ್ಯರು ಹಸು, ಎಮ್ಮೆಗಳ ವಿಷಯ ಬಿಟ್ಟು ಡ್ರೈವಿಂಗ್ ಲೈಸೆನ್ಸಿನ ವಿಷಯ ಬರೆಯುವುದೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಸರಳವಾಗಿದೆ. ಕರೆದ ಹಾಲು ಕೆಡುವ ಮೊದಲು ಸಂಘಕ್ಕೆ ತಲುಪಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮನೆಗಳು ಒತ್ತಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿದ ಮೇಲೆ ಹೊನ್ನೆಮರಡಿನ ಸುತ್ತಿನ ದಾರಿಗಳು ನೀರನ್ನು ಬಳಸಿಕೊಂಡು ಗುಡ್ಡ ಹತ್ತಿ ಇಳಿಯುತ್ತವೆ. ಮನೆಯಿಂದ ಸಂಘಕ್ಕೆ, ಸಂಘದಿಂದ ಪಶು ಆಸ್ಪತ್ರೆಗೆ, ಮೇವಿನ ಅಂಗಡಿಗೆ ಒಂದು ವಾಹನ ಬೇಕೇ ಬೇಕು. ಅದನ್ನು ಓಡಿಸುವವರ ಹತ್ತಿರ ಲೈಸೆನ್ಸ್ ಇದೆಯೇ ಎಂಬುದು ಮಾತ್ರ ಬಹಳ ಮನೆಗಳಲ್ಲಿ ಯಾರೂ ಕೇಳದ ಪ್ರಶ್ನೆಯಾಗಿ ಉಳಿದಿದೆ.

ನಿಮ್ಮ ಹಸುವಿಗೆ ವಿಮೆ ಮಾಡಿಸುವಾಗ ಕಿವಿಗೆ ಓಲೆ ಹಾಕುತ್ತೇವೆ. ಓಲೆ ಇಲ್ಲದ ಹಸು ಸತ್ತರೆ ಪರಿಹಾರ ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ವಾಹನದ ವಿಮೆಗೆ ಲೈಸೆನ್ಸೂ ಹಾಗೆಯೇ. ಲೈಸೆನ್ಸ್ ಇಲ್ಲದವರು ಓಡಿಸಿ ಅಪಘಾತವಾದರೆ ನಿಮ್ಮ ವಾಹನದ ನಷ್ಟವನ್ನು ವಿಮಾ ಕಂಪನಿ ಕೊಡುವುದಿಲ್ಲ. ಪೆಟ್ಟಾದ ದಾರಿಹೋಕರಿಗೆ ನ್ಯಾಯಾಲಯದ ಆದೇಶದಂತೆ ಕಂಪನಿ ಮೊದಲು ಹಣ ಕೊಟ್ಟರೂ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಅವಕಾಶವಿದೆ. ಆ ಮೊತ್ತಕ್ಕೆ ಕೊಟ್ಟಿಗೆಯ ದನಗಳನ್ನೆಲ್ಲ ಮಾರಿದರೂ ಸಾಲದೆ ಹೋಗಬಹುದು. ಆದ್ದರಿಂದ ಈ ವಿಷಯ ಹೈನುಗಾರಿಕೆಗೆ ಹೊರಗಿನದಲ್ಲ.

ಮಕ್ಕಳ ಕೈಗೆ ಗಾಡಿ ಬೇಡ

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಲೈಸೆನ್ಸ್ ಪಡೆಯಲು 18 ವರ್ಷ ತುಂಬಿರಬೇಕು. 16 ವರ್ಷ ತುಂಬಿದವರಿಗೆ ತಂದೆತಾಯಿಯ ಒಪ್ಪಿಗೆಯ ಮೇಲೆ 50 ಸಿ.ಸಿ. ಮೀರದ, ಗೇರ್ ಇಲ್ಲದ ದ್ವಿಚಕ್ರ ವಾಹನಕ್ಕೆ ಮಾತ್ರ ಲೈಸೆನ್ಸ್ ದೊರೆಯುತ್ತದೆ. ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗಲು ನಮ್ಮ ಕಡೆ ಹೆಚ್ಚಾಗಿ ಬಳಸುವ ಟಿವಿಎಸ್ ಎಕ್ಸ್‌ಎಲ್ 100ರ ಎಂಜಿನ್ ಸುಮಾರು 100 ಸಿ.ಸಿ.ಯದು. ಅಂದರೆ 'ಗೇರ್ ಇಲ್ಲದ ಸಣ್ಣ ಗಾಡಿ, ಹುಡುಗ ಓಡಿಸಿದರೇನಂತೆ' ಎಂಬ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ.

2019ರ ತಿದ್ದುಪಡಿಯ ನಂತರ, ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂ. ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಕ್ಯಾನ್ ಕೊಟ್ಟು ಹೋಗಲಿ ಎಂದು ಕಳುಹಿಸುವ ಮೊದಲು ಇದನ್ನು ನೆನಪಿಡಿ.

ಮಗನ ಬದಲು ಮನೆಯ ಹೆಣ್ಣುಮಕ್ಕಳು ಲೈಸೆನ್ಸ್ ಪಡೆಯುವುದು ಒಳ್ಳೆಯ ದಾರಿ. ದನದ ಕೆಲಸ ಬಹುಪಾಲು ಅವರದೇ. ಸಂಘಕ್ಕೆ ಹಾಲು ಒಯ್ಯಲು, ರಾತ್ರಿ ಹಸು ಕರು ಹಾಕಲು ಕಷ್ಟಪಡುವಾಗ ಔಷಧಿಗೆ ಹೋಗಲು ಗಂಡಸರ ದಾರಿ ಕಾಯುವ ಪ್ರಮೇಯ ಇರುವುದಿಲ್ಲ.

ಯಾವ ಲೈಸೆನ್ಸ್ ಬೇಕು?

ಅರ್ಜಿ ಹಾಕುವ ಮೊದಲು ಮುಂದಿನ ಹತ್ತು ವರ್ಷ ಯಾವ ವಾಹನ ಓಡಿಸುತ್ತೀರಿ ಎಂದು ಯೋಚಿಸಿರಿ.

1. ಗೇರ್ ಇಲ್ಲದ ವಾಹನದಲ್ಲಿ ಪರೀಕ್ಷೆ ಕೊಟ್ಟು ಪಡೆದ ಲೈಸೆನ್ಸಿನಲ್ಲಿ ಗೇರ್ ಇರುವ ಬೈಕ್ ಓಡಿಸುವಂತಿಲ್ಲ. ಮುಂದೆ ಬೈಕ್ ಕೊಳ್ಳುವ ಯೋಚನೆ ಇದ್ದರೆ ಗೇರ್ ಇರುವ ವಾಹನದಲ್ಲೇ ಕಲಿತು ಪರೀಕ್ಷೆ ಕೊಡಿ.

2. ಕಾರು, ಓಮ್ನಿ, ಜೀಪುಗಳಿಗೆ ಲಘು ಮೋಟಾರು ವಾಹನದ ಲೈಸೆನ್ಸ್ ಬೇಕು. ಹಾಲಿನ ಕ್ಯಾನ್ ಸಾಗಿಸುವ ಸಣ್ಣ ಗೂಡ್ಸ್ ವಾಹನಕ್ಕೆ ಬೇರೆ ಲೈಸೆನ್ಸ್ ಬೇಕೇ ಎಂಬ ಗೊಂದಲ ಬಹಳ ಕಾಲ ಇತ್ತು. ಒಟ್ಟು ತೂಕ 7,500 ಕಿಲೋ ಒಳಗಿರುವ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ಲಾರಿಯಂತಹ ದೊಡ್ಡ ವಾಹನಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು.

3. ವಯಸ್ಸು 40 ದಾಟಿದವರು ನಿಗದಿತ ನಮೂನೆಯಲ್ಲಿ ವೈದ್ಯರ ಪ್ರಮಾಣಪತ್ರ ಕೊಡಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತದೆಯೇ ಎಂದು ಮನೆಯಂಗಳದಲ್ಲೇ ನೋಡಿಕೊಳ್ಳಿ. ಬಾರದಿದ್ದರೆ ಮೊದಲು ಕನ್ನಡಕ ಮಾಡಿಸಿ.

ಕಲಿಕಾ ಲೈಸೆನ್ಸ್

ಮೊದಲು ಪಡೆಯಬೇಕಾದದ್ದು ಕಲಿಕಾ ಲೈಸೆನ್ಸ್, ಅಂದರೆ ಎಲ್‌ಎಲ್ಆರ್. ಅರ್ಜಿಯನ್ನು ಸಾರಥಿ ಜಾಲತಾಣದ ಮೂಲಕ ಸಲ್ಲಿಸಬೇಕು. ಸಾಗರದ ಸಾರಿಗೆ ಕಚೇರಿಯ ಸಂಖ್ಯೆ ಕೆಎ 15, ಶಿವಮೊಗ್ಗದ್ದು ಕೆಎ 14. ನಿಮ್ಮ ಊರು ಯಾವ ಕಚೇರಿಗೆ ಸೇರಿದೆ, ಶುಲ್ಕ ಎಷ್ಟು ಎಂಬುದನ್ನು ನೇರವಾಗಿ ಕಚೇರಿಯಲ್ಲೇ ಕೇಳಿಕೊಳ್ಳಿ.

ಇದಕ್ಕೆ ಒಂದು ಪ್ರಾಥಮಿಕ ಪರೀಕ್ಷೆ ಇರುತ್ತದೆ. ಸಂಚಾರ ಚಿಹ್ನೆಗಳು, ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ರೈಲ್ವೆ ಗೇಟಿನಲ್ಲಿ ವಹಿಸಬೇಕಾದ ಎಚ್ಚರಿಕೆ, ಜೊತೆಯಲ್ಲಿರಬೇಕಾದ ದಾಖಲೆಗಳು, ಇವುಗಳ ಮೇಲೆ ಪ್ರಶ್ನೆಗಳು ಬರುತ್ತವೆ. ಚಿಹ್ನೆಗಳನ್ನು ಬಾಯಿಪಾಠ ಮಾಡುವ ಬದಲು ಆಕಾರದಿಂದ ಗುರುತಿಸಿರಿ. ದುಂಡಗಿರುವುದು ಆಜ್ಞೆ, ಪಾಲಿಸಲೇಬೇಕು. ತ್ರಿಕೋನ ಎಚ್ಚರಿಕೆ, ಆಯಾಕಾರ ಮಾಹಿತಿ. ಎಂಟು ಮೂಲೆಯದು ನಿಲ್ಲಿಸಿ ಎಂದು. ತಲೆಕೆಳಗಾದ ತ್ರಿಕೋನ ದಾರಿ ಬಿಡಿ ಎಂದು. ತ್ರಿಕೋನದೊಳಗೆ ಹಸುವಿನ ಚಿತ್ರವಿದ್ದರೆ ಮುಂದೆ ದನಗಳು ಓಡಾಡುವ ಜಾಗವಿದೆ ಎಂದು ಅರ್ಥ. ಇದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಅಪಘಾತವಾದರೆ ಚಾಲಕನು ಗಾಯಾಳುವಿಗೆ ಚಿಕಿತ್ಸೆಯ ವ್ಯವಸ್ಥೆ ಮಾಡಬೇಕು. ಆದಷ್ಟು ಬೇಗ, ತಡವಾದರೂ 24 ಗಂಟೆಯೊಳಗೆ ಪೊಲೀಸ್ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ತಿಳಿಸಬೇಕು. ಇದು ಪರೀಕ್ಷೆಯ ಉತ್ತರ ಮಾತ್ರವಲ್ಲ, ಓಡಿಹೋದವನಿಗೆ ಮುಂದೆ ಆಗುವ ತೊಂದರೆಯಿಂದ ಪಾರಾಗುವ ದಾರಿಯೂ ಹೌದು.

ಕಲಿಕಾ ಲೈಸೆನ್ಸ್ 6 ತಿಂಗಳು ಚಾಲ್ತಿಯಲ್ಲಿರುತ್ತದೆ. ಅದು ಕೈಗೆ ಬಂದು 30 ದಿನ ಕಳೆಯದೆ ಚಾಲನಾ ಪರೀಕ್ಷೆಗೆ ಹೋಗುವಂತಿಲ್ಲ. ಈ ಅವಧಿಯಲ್ಲಿ ವಾಹನದ ಮುಂದೆ ಮತ್ತು ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರ ಇರಬೇಕು. ಹಲಗೆ 18 ಸೆಂ.ಮೀ. ಚೌಕ, ಅಕ್ಷರ ಕನಿಷ್ಠ 10 ಸೆಂ.ಮೀ. ಎತ್ತರ ಇರತಕ್ಕದ್ದು. ಕಾರಾದರೆ ಲೈಸೆನ್ಸ್ ಇರುವ ಒಬ್ಬರು, ಬೇಕಾದ ತಕ್ಷಣ ವಾಹನ ನಿಲ್ಲಿಸಲು ಆಗುವಂತೆ ಪಕ್ಕದಲ್ಲಿ ಕುಳಿತಿರಬೇಕು. ಬೈಕಾದರೆ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಕಲಿಯುವ ಕಾಲದಲ್ಲಿ ಹಾಲಿನ ಕ್ಯಾನನ್ನೂ ಕಟ್ಟಬೇಡಿ. ಅದರ ಕಾರಣ ಮುಂದೆ ಹೇಳಿದೆ.

ದ್ವಿಚಕ್ರ ವಾಹನ: ನಿಧಾನವೇ ಪರೀಕ್ಷೆ

ಪರೀಕ್ಷೆಯಲ್ಲಿ 8ರ ಆಕಾರದ ದಾರಿಯಲ್ಲಿ ಕಾಲು ನೆಲಕ್ಕೆ ತಾಗಿಸದೆ ಬೈಕ್ ಓಡಿಸಿ ತೋರಿಸಬೇಕು. ವೇಗವಾಗಿ ಹೋಗಲು ಯಾರಿಗೂ ಬರುತ್ತದೆ. ನಡೆಯುವಷ್ಟು ನಿಧಾನವಾಗಿ ಬೀಳದೆ ಹೋಗುವುದೇ ಕಷ್ಟ. ಅಭ್ಯಾಸಕ್ಕೆ ರಜಾದಿನ ಅನುಮತಿ ಪಡೆದು ಶಾಲೆಯ ಮೈದಾನ ಉಪಯೋಗಿಸಿ. ಸುಣ್ಣದ ಪುಡಿಯಿಂದ ದೊಡ್ಡದಾಗಿ 8 ಬರೆಯಿರಿ, ದಿನದಿಂದ ದಿನಕ್ಕೆ ಅದನ್ನು ಚಿಕ್ಕದು ಮಾಡುತ್ತಾ ಹೋಗಿ.

ಮೂರು ಮಾತು ನೆನಪಿರಲಿ. ಒಂದು, ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಹೋಗಬೇಕಾದ ತಿರುವಿನ ಕಡೆ ಇರಲಿ. ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ. ಎರಡು, ಎಕ್ಸಲೇಟರ್ ಒಂದೇ ಸಮ ಇರಲಿ. ವೇಗವನ್ನು ಅರ್ಧ ಕ್ಲಚ್ ಮತ್ತು ಹಿಂದಿನ ಬ್ರೇಕಿನಿಂದ ಹಿಡಿಯಿರಿ. ಮೂರು, ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿಯಬೇಡಿ, ಗಾಡಿ ಮಲಗುತ್ತದೆ.

ಕೈ ಸನ್ನೆಗಳನ್ನೂ ಅಭ್ಯಾಸ ಮಾಡಿ. ಬಲಕ್ಕೆ ತಿರುಗಲು ಬಲಗೈ ನೇರ ಚಾಚುವುದು, ಎಡಕ್ಕೆ ತಿರುಗಲು ಚಾಚಿದ ಕೈಯನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತುವುದು, ನಿಧಾನಿಸಲು ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸುವುದು, ನಿಲ್ಲಿಸಲು ಕೈ ಮೇಲೆತ್ತುವುದು. ಇಂಡಿಕೇಟರ್ ಕೆಟ್ಟ ದಿನ ಇವೇ ಗತಿ.

ಕಾರು, ಜೀಪು: ಏರಿನಲ್ಲಿ ನಿಲ್ಲಿಸಿ ಹೊರಡುವುದು

ಎಚ್ ಅಕ್ಷರದ ಆಕಾರದ ಜಾಗದಲ್ಲಿ ಕಂಬಗಳಿಗೆ ತಾಗದೆ ಹಿಂದಕ್ಕೆ ಓಡಿಸುವುದನ್ನು ಎಲ್ಲರೂ ಕಲಿತು ಹೋಗುತ್ತಾರೆ. ಅದರಲ್ಲಿ ಸ್ಟಿಯರಿಂಗ್ ಎಷ್ಟು ಸುತ್ತು ತಿರುಗಿಸಬೇಕು ಎಂದು ಎಣಿಸಿ ಬಾಯಿಪಾಠ ಮಾಡಿದವರೂ ಇದ್ದಾರೆ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ಪರೀಕ್ಷೆಯ ವಿಷಯಗಳ ಪಟ್ಟಿ ಉದ್ದ ಇದೆ. ಕಡಿದಾದ ಏರಿನಲ್ಲಿ ವಾಹನ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು, ಇಳಿಜಾರಿನಲ್ಲಿ ಬೇಗ ಕೆಳಗಿನ ಗೇರಿಗೆ ಬದಲಾಯಿಸುವುದು, ತುರ್ತಾಗಿ ನಿಲ್ಲಿಸುವುದು, ಎಡಕ್ಕೆ ಸರಿದು ಓಡಿಸುವುದು, ಇವೆಲ್ಲವೂ ಅದರಲ್ಲಿವೆ. ಪರೀಕ್ಷೆಯ ಜಾಗದಲ್ಲಿ ಇವನ್ನೆಲ್ಲ ಕೇಳಲಿ, ಬಿಡಲಿ, ನಿಮ್ಮ ಮನೆಯ ಏರು ದಿನಾ ಕೇಳುತ್ತದೆ. ಬಯಲುಸೀಮೆಯವರಿಗೆ ಇದು ಪರೀಕ್ಷೆಯ ಒಂದು ಅಂಶ. ನಮಗೆ ಇದೇ ಪರೀಕ್ಷೆ.

ಕ್ರಮ ಹೀಗಿದೆ:

1. ಏರಿನಲ್ಲಿ ಪೂರ್ತಿ ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಿರಿ. ಕ್ಲಚ್ ಒತ್ತಿ ಮೊದಲ ಗೇರ್ ಹಾಕಿ.

2. ಕನ್ನಡಿ ನೋಡಿ. ಹಿಂದೆ ಮಕ್ಕಳು, ದನ, ಬೈಕ್ ಇಲ್ಲವೆಂದು ಖಚಿತ ಮಾಡಿಕೊಳ್ಳಿ.

3. ಎಕ್ಸಲೇಟರ್ ಸ್ವಲ್ಪ ಒತ್ತಿ, ಕ್ಲಚ್ ನಿಧಾನವಾಗಿ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಎಂಜಿನ್ನಿನ ಶಬ್ದ ತಗ್ಗುತ್ತದೆ, ಮುಂಭಾಗ ಸ್ವಲ್ಪ ಎದ್ದಂತೆ ಆಗುತ್ತದೆ. ನೊಗಕ್ಕೆ ಎತ್ತು ಹೆಗಲು ಕೊಟ್ಟಂತೆ. ಪಾದವನ್ನು ಅಲ್ಲಿಯೇ ಹಿಡಿಯಿರಿ.

4. ಈಗ ಹ್ಯಾಂಡ್ ಬ್ರೇಕ್ ಇಳಿಸಿ. ವಾಹನ ಹಿಂದೆ ಜಾರದೆ ಮುಂದೆ ಹೊರಡುತ್ತದೆ. ನಂತರವೇ ಕ್ಲಚ್ ಪೂರ್ತಿ ಬಿಡಿ.

ಬೈಕಿನಲ್ಲಿ ಇದನ್ನೇ ಬಲಗಾಲಿನ ಬ್ರೇಕಿನಿಂದ ಮಾಡಬೇಕು. ಎಡಗಾಲು ನೆಲದ ಮೇಲಿರಲಿ, ಬಲಗಾಲು ಬ್ರೇಕ್ ಮೇಲಿರಲಿ. ಮೊದಲು ಸಣ್ಣ ಏರಿನಲ್ಲಿ, ಆಮೇಲೆ ದೊಡ್ಡ ಏರಿನಲ್ಲಿ, ಪ್ರತಿ ದಿನ ಹತ್ತು ಬಾರಿ ಮಾಡಿ ನೋಡಿ. ವಾರದಲ್ಲಿ ಕಾಲಿಗೆ ತಾನಾಗಿ ಅಭ್ಯಾಸವಾಗುತ್ತದೆ.

ಇಳಿಜಾರಿನ ವಿಷಯದಲ್ಲಿ ಒಂದು ಕೆಟ್ಟ ಅಭ್ಯಾಸ ನಮ್ಮ ಕಡೆ ಬೇರೂರಿದೆ. ಪೆಟ್ರೋಲ್ ಉಳಿತಾಯಕ್ಕೆಂದು ಎಂಜಿನ್ ನಿಲ್ಲಿಸಿ, ಅಥವಾ ನ್ಯೂಟ್ರಲ್ ಮಾಡಿ ಗಾಡಿ ಬಿಡುವುದು. ಎಂಜಿನ್ ನಿಂತರೆ ಕಾರಿನ ಬ್ರೇಕಿಗೆ ಸಿಗುವ ಸಹಾಯ ಹೋಗುತ್ತದೆ, ಬ್ರೇಕ್ ಒತ್ತಿದರೂ ಗಟ್ಟಿಯಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಭಾರವೆಲ್ಲ ಬ್ರೇಕಿನ ಮೇಲೇ ಬಿದ್ದು ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆಗುಂಬೆ ಘಾಟಿಯಾಗಲಿ, ಹುಲಿಕಲ್ ಘಾಟಿಯಾಗಲಿ, ಯಾವ ಗೇರಿನಲ್ಲಿ ಹತ್ತಬೇಕೋ ಸುಮಾರಾಗಿ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಹಳೆಯ ಡ್ರೈವರುಗಳ ಲೆಕ್ಕ. ಕಿರಿದಾದ ಘಾಟಿಯಲ್ಲಿ ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಎಂಬುದು ನಿಯಮ. ಪ್ರಶ್ನೆ ಪತ್ರಿಕೆಯಲ್ಲಿಯೂ ಇದು ಬರಬಹುದು.

ದಾರಿಯಲ್ಲಿ ದನ ಸಿಕ್ಕಾಗ

ಇದನ್ನು ಡ್ರೈವಿಂಗ್ ಶಾಲೆಯಲ್ಲಿ ಹೇಳಿಕೊಡುವುದು ಕಡಿಮೆ. ಆದ್ದರಿಂದ ನಾಲ್ಕು ಮಾತು ವಿವರವಾಗಿ ಬರೆಯುತ್ತೇನೆ.

ಹಸುವಿನ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ತನ್ನ ಸುತ್ತ ಬಹುಪಾಲು ಎಲ್ಲ ಕಡೆಯೂ ಅದಕ್ಕೆ ಕಾಣುತ್ತದೆ, ಬೆನ್ನಿನ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ಆದರೆ ಬರುವ ವಸ್ತು ಎಷ್ಟು ದೂರದಲ್ಲಿದೆ ಎಂದು ತಿಳಿಯಲು ಅದು ತಲೆ ತಿರುಗಿಸಿ ನೇರ ನೋಡಬೇಕು. ಹಾಗೆ ನಿಂತು ನೋಡುವುದನ್ನು ನಾವು ಮೊಂಡುತನ ಎಂದು ತಿಳಿದು ಹಾರ್ನ್ ಮಾಡುತ್ತೇವೆ. ಗಾಬರಿಯಾದ ಹಸು ಯಾವ ಕಡೆಗೆ ನುಗ್ಗುವುದೋ ಹೇಳಲಾಗದು. ಆದ್ದರಿಂದ ದೂರದಿಂದಲೇ ವೇಗ ತಗ್ಗಿಸಿ, ಹತ್ತಿರದಲ್ಲಿ ಹಾರ್ನ್ ಮಾಡಬೇಡಿ.

ಹಸು ಗಾಬರಿಯಾದಾಗ ಮುಂದಕ್ಕೆ ನುಗ್ಗುತ್ತದೆ, ಹಿಂದಕ್ಕೆ ಸರಿಯುವುದು ಕಡಿಮೆ. ಆದ್ದರಿಂದ ದಾಟುತ್ತಿರುವ ಹಸುವಿನ ಮುಂದಿನಿಂದ ನುಸುಳದೆ, ಸಾಕಷ್ಟು ಅಂತರ ಬಿಟ್ಟು ಬಾಲದ ಕಡೆಯಿಂದ ಹೋಗಿ. ಒಂದು ದನ ದಾಟಿದರೆ ಗುಂಪಿನ ಉಳಿದವೂ ದಾಟುತ್ತವೆ. ತಾಯಿ ಒಂದು ಪಕ್ಕ, ಕರು ಇನ್ನೊಂದು ಪಕ್ಕ ಇದ್ದರೆ ಕರು ಓಡಿ ಬಂದೇ ಬರುತ್ತದೆ ಎಂದು ತಿಳಿದು ನಿಲ್ಲಿಸಿ. ನಮ್ಮ ಮಲೆನಾಡು ಗಿಡ್ಡ ಚಿಕ್ಕ ದನ, ಚುರುಕೂ ಹೆಚ್ಚು. ಧರೆಯ ಮೇಲಿಂದ ರಸ್ತೆಗೆ ಹಾರುವುದು ಅದಕ್ಕೆ ಕಷ್ಟವಲ್ಲ. ರಾತ್ರಿ ಮಳೆಯಲ್ಲಿ ಕರಿಯ ಎಮ್ಮೆ ದೀಪದ ಬೆಳಕಿಗೆ ಸರಿಯಾಗಿ ಕಾಣುವುದಿಲ್ಲ. ಹೊಳೆಯುವ ಕಣ್ಣು ಕಂಡರೆ ತಕ್ಷಣ ನಿಧಾನಿಸಿ.

ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ದನ ಕಂಡು ಕಾಲು ಬ್ರೇಕಿಗೆ ಹೋಗುವ ಆ ಒಂದು ಸೆಕೆಂಡಿನಲ್ಲೇ ಗಾಡಿ ಅಷ್ಟು ಮುಂದೆ ಹೋಗಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಪಾಚಿ ಹಿಡಿದ ರಸ್ತೆಯಲ್ಲಿ ಇನ್ನೂ ಹೆಚ್ಚು.

ಪರೀಕ್ಷೆಯ ದಿನ

ಕಲಿಕಾ ಲೈಸೆನ್ಸ್, ಅರ್ಜಿಯ ಪ್ರತಿ, ವಾಹನದ ಆರ್.ಸಿ., ವಿಮೆ, ಹೊಗೆ ತಪಾಸಣೆ ಪತ್ರಗಳನ್ನು ಹಿಂದಿನ ರಾತ್ರಿಯೇ ಒಂದು ಚೀಲದಲ್ಲಿಡಿ. ನೀವು ಅಭ್ಯಾಸ ಮಾಡಿದ ವಾಹನದಲ್ಲೇ ಪರೀಕ್ಷೆ ಕೊಡಿ. ಬ್ರೇಕ್, ದೀಪ, ಇಂಡಿಕೇಟರ್, ಹಾರ್ನ್, ಕನ್ನಡಿ ಸರಿಯಾಗಿವೆಯೇ ನೋಡಿ. ಎಲ್ ಹಲಗೆ ಮತ್ತು ಹೆಲ್ಮೆಟ್ ಮರೆಯಬೇಡಿ. ಬೆಳಗಿನ ಹಾಲು ಕರೆಯುವ ಕೆಲಸವನ್ನು ಆ ದಿನ ಮನೆಯ ಬೇರೆಯವರಿಗೆ ವಹಿಸಿ ಬೇಗ ಹೊರಡಿ. ಮೊದಲೇ ಹೋಗಿ ಬೇರೆಯವರು ಓಡಿಸುವುದನ್ನು ನಿಂತು ನೋಡಿದರೆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ಕಾರಿನಲ್ಲಿ ಕುಳಿತೊಡನೆ ಸೀಟು ಸರಿಪಡಿಸಿ, ಕನ್ನಡಿ ಸರಿಪಡಿಸಿ, ಬೆಲ್ಟ್ ಹಾಕಿ, ಆಮೇಲೆ ಎಂಜಿನ್ ಚಾಲೂ ಮಾಡಿ. ಇನ್‌ಸ್ಪೆಕ್ಟರರು ಇದನ್ನೂ ಗಮನಿಸುತ್ತಾರೆ. ಹೇಳಿದ್ದು ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಎಂಜಿನ್ ನಿಂತುಹೋದರೆ ಗಾಬರಿ ಬೇಡ. ಬ್ರೇಕ್ ಹಿಡಿದು, ನ್ಯೂಟ್ರಲ್ ಮಾಡಿ, ಮತ್ತೆ ಶುರು ಮಾಡಿ.

ಪಾಸಾಗದಿದ್ದರೆ 7 ದಿನಗಳ ನಂತರ ಮತ್ತೆ ಪರೀಕ್ಷೆಗೆ ಹೋಗಬಹುದು. ಮೂರು ಬಾರಿಯೂ ಆಗದಿದ್ದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು. ಇದರಲ್ಲಿ ನಾಚಿಕೆಯ ಮಾತಿಲ್ಲ. ಮೊದಲ ಸೂಲಿನ ಹಸುವೂ ಕರೆಯಲು ನಿಲ್ಲುವುದಕ್ಕೆ ನಾಲ್ಕು ದಿನ ತೆಗೆದುಕೊಳ್ಳುತ್ತದೆ. ನಾಚಿಕೆಯ ಮಾತೆಂದರೆ ಓಡಿಸಲು ಬಾರದೆ, ದುಡ್ಡು ಕೊಟ್ಟು ಕಾರ್ಡ್ ಪಡೆಯುವುದು. ಇನ್‌ಸ್ಪೆಕ್ಟರರ ಕಣ್ಣು ತಪ್ಪಿಸಿದವರು ಮಳೆಗಾಲದ ತಿರುವನ್ನು ತಪ್ಪಿಸಲಾರರು.

ಲೈಸೆನ್ಸ್ ಬಂದ ಮೇಲೆ

ಲೈಸೆನ್ಸಿನ ಮುಕ್ತಾಯದ ದಿನಾಂಕ ನೋಡಿಟ್ಟುಕೊಳ್ಳಿ. 30 ವರ್ಷದೊಳಗಿನವರಿಗೆ 40 ವರ್ಷ ತುಂಬುವವರೆಗೆ, 30ರಿಂದ 50ರೊಳಗಿನವರಿಗೆ 10 ವರ್ಷಕ್ಕೆ ಕೊಡುತ್ತಾರೆ. ಮುಗಿದ ಲೈಸೆನ್ಸ್ ಇಲ್ಲದ್ದಕ್ಕೆ ಸಮ.

ಪರೀಕ್ಷೆ ಕೊಡುವುದು ಖಾಲಿ ಗಾಡಿಯಲ್ಲಿ, ನೀವು ದಿನಾ ಓಡಿಸುವುದು ಹಾಲು ಹೇರಿದ ಗಾಡಿಯನ್ನು. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. 40 ಲೀಟರ್ ಕ್ಯಾನಿನ ಹಾಲೇ 41 ಕಿಲೋ, ಕ್ಯಾನಿನ ತೂಕ ಬೇರೆ. ಒಂದೇ ಪಕ್ಕ ಕಟ್ಟಿದರೆ ಗಾಡಿ ಆ ಕಡೆಗೆ ಎಳೆಯುತ್ತದೆ. ಅರ್ಧ ತುಂಬಿದ ಕ್ಯಾನ್ ಇನ್ನೂ ಕಷ್ಟ. ಬ್ರೇಕ್ ಹಿಡಿದಾಗ ಹಾಲು ಮುಂದೆ ನುಗ್ಗುತ್ತದೆ, ತಿರುವಿನಲ್ಲಿ ಹೊರಗೆ ನುಗ್ಗುತ್ತದೆ, ಗಾಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಭಾರವನ್ನು ಎರಡು ಪಕ್ಕಕ್ಕೆ ಸಮನಾಗಿ, ಆದಷ್ಟು ಕೆಳಗೆ ಬಿಗಿಯಾಗಿ ಕಟ್ಟಿ. ಮೊದಲ ಕೆಲವು ದಿನ ಕ್ಯಾನಿಗೆ ನೀರು ತುಂಬಿ, ವಾಹನ ಸಂಚಾರ ಇಲ್ಲದ ದಾರಿಯಲ್ಲಿ ಅಭ್ಯಾಸ ಮಾಡಿ. ಆ ಕ್ಯಾನನ್ನು ಹಾಲಿಗೆ ಬಳಸುವ ಮೊದಲು ಚೆನ್ನಾಗಿ ತೊಳೆದು ಬಿಸಿಲಿಗೆ ಬೋರಲು ಹಾಕಲು ಮರೆಯದಿರಿ.

ಜೋಗಕ್ಕೆ, ಹೊನ್ನೆಮರಡಿಗೆ ಬರುವ ಹೊರ ಊರಿನ ವಾಹನಗಳು ಹೆಚ್ಚಿವೆ. 2025ರ ಜುಲೈನಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಸಿಗಂದೂರಿಗೆ ಹೋಗುವವರು ಲಾಂಚಿಗೆ ಕಾಯಬೇಕಾಗಿಲ್ಲ. ಅವರಿಗೆ ನಮ್ಮ ತಿರುವು ಗೊತ್ತಿಲ್ಲ, ನಮ್ಮ ದನದ ಹೊತ್ತು ಗೊತ್ತಿಲ್ಲ. ಎಡಕ್ಕೆ ಇದ್ದು, ತಿರುವಿಗೆ ಮುಂಚೆ ಹಾರ್ನ್ ಮಾಡಿ, ಕಾಣದ ಕಡೆ ಎದುರಿಗೆ ವಾಹನ ಇದೆ ಎಂದೇ ಭಾವಿಸಿ ಓಡಿಸಿರಿ.

ನಿಮ್ಮ ಮನೆಯಲ್ಲಿ ವಾಹನ ಓಡಿಸುವವರು ಎಷ್ಟು ಜನ, ಲೈಸೆನ್ಸ್ ಇರುವವರು ಎಷ್ಟು ಜನ ಎಂದು ಈ ವಾರವೇ ಲೆಕ್ಕ ಹಾಕಿ. ಎರಡೂ ಸಂಖ್ಯೆ ಒಂದೇ ಆಗದಿದ್ದರೆ, ಉಳಿದವರಿಂದ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಿಸಿ. ಅದು ಕೈಗೆ ಬರುವವರೆಗೆ ಗಾಡಿಯ ಕೀಲಿ ನಿಮ್ಮ ಹತ್ತಿರವೇ ಇರಲಿ. ಒಂದು ಹೊತ್ತಿನ ಹಾಲು ಸಂಘಕ್ಕೆ ಹೋಗದಿದ್ದರೆ ಮನೆಯಲ್ಲಿ ಹೆಪ್ಪು ಹಾಕಿಕೊಳ್ಳಬಹುದು.